ಅವರ ಮುಖದ ಮೇಲಿದ್ದಂಥ ಮಾಸ್ಕು

ವಾಸ್ಕೋ ಮಾರ್ಕೆಟ್ಟಿನಲ್ಲಿ ನಮ್ಮದೊಂದು ಬಟ್ಟೆ ಅಂಗಡಿ. ಬ್ಲೌಸ್ ಪೀಸು, ಲೈನಿಂಗು, ಸೀರೆಯ ಫಾಲು, ಲಂಗದ ಬಟ್ಟೆ. ನನ್ನ ಗಂಡ ಮಹಾಂತೇಶ ಅವರು ಬೈಲಹೊಂಗಲದಿಂದ ಬಂದು ಹಾಕಿದ ಅಂಗಡಿ ಅದು. ಅವರು ಹೋದಮೇಲೆ ನಾನೇ ನಡೆಸುತ್ತಿದ್ದೇನೆ. ಒಂದು ಕಾಲಕ್ಕೆ ಆ ಸಾಲಿನಲ್ಲೆಲ್ಲ ನನಗೆ ನಿದ್ದಿಗಣ್ಣಿನ ಅಕ್ಕ ಎಂದು ಹೆಸರು ಬಿದ್ದಿತ್ತು.

ಬಟ್ಟೆ ಅಳೆಯುತ್ತ ಅಳೆಯುತ್ತಲೇ ಕಣ್ಣು ಮುಚ್ಚುತ್ತಿತ್ತು. ಮೀಟರ್ ಕಟ್ಟಿಗೆ ಕೈಯಲ್ಲಿ, ಗಿರಾಕಿ ಎದುರಿಗೆ, ನಾನು ನಿಂತಲ್ಲೇ ತೂಕಡಿಕೆಯಲ್ಲಿ. ದಾಬೋಲಿಮ್ ಕಡೆ ಕಟ್ಟಡದ ಕೆಲಸಕ್ಕೆ ಹೋಗುವ ನಮ್ಮ ವಿಜಾಪುರ, ಬಾಗಲಕೋಟೆ ಸೀಮೆಯ ಹೆಣ್ಣುಮಕ್ಕಳು ಪಗಾರವಾದ ದಿನ ಬರುತ್ತಿದ್ದರು. "ಅಕ್ಕಾರ, ಎಚ್ಚರ ಅದೀರೇನ್ರಿ?" ಎಂದು ಮೆತ್ತಗೆ ಕೇಳುತ್ತಿದ್ದರು. ನಗುತ್ತಿರಲಿಲ್ಲ. ಗಂಡನನ್ನು ಕಳಕೊಂಡವಳು, ರಾತ್ರಿಯೆಲ್ಲ ಅಳುತ್ತಾಳೆ, ಹಗಲು ನಿದ್ದೆ ಬರುತ್ತದೆ ಎಂದು ಅವರ ಲೆಕ್ಕ. ನನ್ನ ಲೆಕ್ಕವೂ ಅದೇ ಆಗಿತ್ತು. ಬೆಳಿಗ್ಗೆ ಏಳುವಾಗ ತಲೆ ಕಲ್ಲಿನಂತೆ ಭಾರ, ಬಾಯಿ ಒಣಗಿ ಹಪ್ಪಳ. ದುಃಖ ಅಂದರೆ ಹೀಗೇ ಇರಬೇಕು ಅಂದುಕೊಂಡು ಎರಡು ವರ್ಷ ದೂಡಿದೆ.

ನಮ್ಮ ಮನೆಯಲ್ಲಿ ಆಗ ಮೂವರೇ. ನಾನು, ಕಾಲೇಜಿಗೆ ಹೋಗುವ ಮಗಳು ಸ್ನೇಹಾ, ಮತ್ತೆ ನನ್ನ ಅತ್ತೆ ಗಂಗವ್ವ. ಸ್ನೇಹಾಳಿಗೆ ಅವರು ಆಯಿ. ದಾಬೋಲಿಮ್‌ನಲ್ಲಿ ಎರಡು ಕೋಣೆಯ ಮನೆ. ಅತ್ತೆ ಮತ್ತು ನಾನು ಒಂದು ಕೋಣೆಯಲ್ಲಿ ಮಲಗುತ್ತಿದ್ದೆವು. ಮುಪ್ಪಿನವರಿಗೆ ನಿದ್ದೆ ಕಡಿಮೆ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಪಕ್ಕದಲ್ಲಿ ಬಂದು ಕೂತು ಅತ್ತೆ ಹೇಳಿದರು:

"ಶೈಲಾ, ನೀ ಗೊರಕಿ ಹೊಡೀತಿ, ಅದರ ಬಗ್ಗೆ ನಂದೇನಿಲ್ಲ. ಆದ್ರ ನಡುನಡುವ ನಿನ್ನ ಉಸುರು ನಿಂತಬಿಡತೈತಿ. ಮತ್ತ ಯಾವಾಗ ಬರತೈತಿ ಅಂತ ನಾ ಕಾಯಕೋತ ಕುಂಡ್ರತೇನಿ. ದವಾಖಾನಿಗೆ ಹೋಗಿ ತೋರಿಸ್ಕೊಂಡ ಬಾ."

ಒಳಗಿನಿಂದ ಸ್ನೇಹಾ ಬಂದು ನಿಂತಳು. ಅವಳಿಗೂ ಪಕ್ಕದ ಕೋಣೆಯಿಂದ ಕೇಳುತ್ತಿತ್ತಂತೆ. ಸುಮಾರು ದಿನದಿಂದ ಕೇಳುತ್ತಿತ್ತಂತೆ. ಹೇಳಲು ಹೆದರಿಕೆಯಾಗಿ ಸುಮ್ಮನಿದ್ದಳು. ಉಸಿರಿಗೆ ಸಂಬಂಧಿಸಿದ ಯಾವ ಮಾತನ್ನೂ ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅದಕ್ಕೆ ಕಾರಣ ಇತ್ತು.

ಕೊರೊನಾದ ಎರಡನೆಯ ಅಲೆಯಲ್ಲಿ ಮಹಾಂತೇಶ ಅವರನ್ನು ಆಸ್ಪತ್ರೆಗೆ ಸೇರಿಸಿದಾಗ ನಮ್ಮನ್ನು ಯಾರನ್ನೂ ಒಳಗೆ ಬಿಡುವ ಹಾಗಿರಲಿಲ್ಲ. ನಾವೂ ಮನೆಯಿಂದ ಹೊರಗೆ ಬರುವ ಹಾಗಿರಲಿಲ್ಲ. ಒಬ್ಬ ನರ್ಸಮ್ಮ ಪುಣ್ಯ ಕಟ್ಟಿಕೊಂಡು ವಿಡಿಯೊ ಕಾಲ್ ಮಾಡಿಸಿದಳು. ಫೋನು ಸ್ನೇಹಾಳ ಕೈಯಲ್ಲಿತ್ತು, ನಾನು ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದೆ. ಅವರ ಮೂಗು ಬಾಯಿ ಎಲ್ಲ ಮುಚ್ಚುವಂಥ ಮಾಸ್ಕು, ತಲೆಯ ಹಿಂದಕ್ಕೆ ಎಳೆದು ಕಟ್ಟಿದ ಪಟ್ಟಿಗಳು, ಮುಂದೆ ದಪ್ಪ ನಳಿಗೆ. ಗಾಳಿಯ ಸದ್ದು ಫೋನಿನಲ್ಲೂ ಕೇಳುತ್ತಿತ್ತು. ಅವರು ತಲೆಯನ್ನು ಆ ಕಡೆ ಈ ಕಡೆ ಹೊರಳಿಸುತ್ತಿದ್ದರು. ಮಾಸ್ಕನ್ನು ಕಿತ್ತು ಹಾಕುತ್ತಾರೆಂದು ಕೈಗಳನ್ನು ಬಟ್ಟೆಯಿಂದ ಮಂಚದ ಸರಳಿಗೆ ಸಡಿಲವಾಗಿ ಕಟ್ಟಿದ್ದರು. ನಮ್ಮನ್ನು ಕಂಡು ಏನೋ ಹೇಳಿದರು. ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಮರುದಿನ ಫೋನು ಬಂತು.

ಅತ್ತೆಗೆ ಆ ವಿಡಿಯೊ ಕಾಲ್ ತೋರಿಸಿರಲಿಲ್ಲ. ಅವರೂ ಹಾಸಿಗೆ ಹಿಡಿದಿದ್ದರು ಆಗ. ಮಗ ಹೋದ ಎಂದಷ್ಟೇ ಹೇಳಿದೆವು. ಅವರು ಹೆಚ್ಚಿಗೆ ಏನೂ ಕೇಳಲಿಲ್ಲ, ಗಟ್ಟಿಯಾಗಿ ಅಳಲೂ ಇಲ್ಲ. ಆ ಮೇಲೆ ಹೊತ್ತು ಸಿಕ್ಕಾಗೆಲ್ಲ ಹತ್ತಿ ತಗೊಂಡು ಬತ್ತಿ ಹೊಸೆಯುತ್ತ ಕೂತುಬಿಡುತ್ತಿದ್ದರು. ನಮ್ಮ ಮನೆಯ ದೇವರಿಗೆ ಬೇಕಾಗುವುದಕ್ಕಿಂತ ಎಷ್ಟೋ ಹೆಚ್ಚು ಬತ್ತಿ.

ಮಡಗಾಂವಿನ ಒಬ್ಬ ಡಾಕ್ಟರ ಹತ್ತಿರ ಹೋದೆ. ಅವರು ಒಂದು ರಾತ್ರಿ ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು, ಮೂಗಿಗೆ ಸಣ್ಣ ನಳಿಗೆ ಕಟ್ಟಿಸಿ ಪರೀಕ್ಷೆ ಮಾಡಿಸಿದರು. ರಿಪೋರ್ಟು ನೋಡಿ ಹಿಂದಿ, ಕೊಂಕಣಿ ಬೆರೆಸಿ ತಿಳಿಸಿ ಹೇಳಿದರು: ಮಲಗಿದಾಗ ನಿಮ್ಮ ಗಂಟಲು ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ, ಮೈ ಗಾಬರಿಬಿದ್ದು ಎಬ್ಬಿಸುತ್ತದೆ. ರಾತ್ರಿಯಿಡೀ ಇದೇ. ಇದು ದುಃಖದ ನಿದ್ದೆ ಅಲ್ಲ, ಸ್ಲೀಪ್ ಆಪ್ನಿಯಾ. ನನಗೆ ಒಂದು ಕ್ಷಣ ಹಗುರ ಅನಿಸಿತು. ಕಾಯಿಲೆ ಅಂದಮೇಲೆ ಔಷಧ ಇರುತ್ತದಲ್ಲ.

ಔಷಧವನ್ನು ಪಕ್ಕದ ಕೋಣೆಯಲ್ಲಿ ಮೇಜಿನ ಮೇಲೆ ಇಟ್ಟಿದ್ದರು. ಒಂದು ಸಣ್ಣ ಯಂತ್ರ, ಅದರಿಂದ ಹೊರಟ ನಳಿಗೆ, ನಳಿಗೆಯ ತುದಿಗೆ ಮಾಸ್ಕು. ನಾನು ಬಾಯಿಂದ ಉಸಿರಾಡುವವಳು ಅಂತ ಮೂಗು ಬಾಯಿ ಎರಡೂ ಮುಚ್ಚುವಂಥದನ್ನು ಆರಿಸಿದ್ದರು. ಅಲ್ಲಿದ್ದ ಹುಡುಗಿ ನನ್ನನ್ನು ಕುರ್ಚಿಯಲ್ಲಿ ಕೂಡಿಸಿ, ಅದನ್ನು ಮುಖಕ್ಕೆ ಒತ್ತಿ, ಪಟ್ಟಿಗಳನ್ನು ತಲೆಯ ಹಿಂದಕ್ಕೆ ಎಳೆದಳು. ಗುಂಡಿ ಒತ್ತಿದಳು. ಗಾಳಿ ನುಗ್ಗಿತು. ಅದೇ ಸದ್ದು.

ನಾನು ಎರಡೂ ಕೈಯಿಂದ ಕಿತ್ತು ಬಿಸಾಡಿದೆ. ಹುಡುಗಿ ಬೆದರಿದಳು. ಎಲ್ಲರಿಗೂ ಮೊದಮೊದಲು ಹೀಗೇ ಆಗುತ್ತದೆ, ರೂಢಿಯಾಗುತ್ತದೆ, ಎಂದು ಸಮಾಧಾನ ಹೇಳಿದಳು. ನನ್ನ ತಲೆಯಲ್ಲಿ ಒಂದೇ ಓಡುತ್ತಿತ್ತು: ನನ್ನ ಕೈಗಳನ್ನು ಯಾರೂ ಕಟ್ಟಿರಲಿಲ್ಲ, ಅವರ ಕೈ ಕಟ್ಟಿದ್ದರು.

ಯಂತ್ರ ಮನೆಗೆ ಬಂತು. ಅತ್ತೆಗೆ ಅದು ನಿದ್ದೆಯ ಮಶೀನು ಎಂದಷ್ಟೇ ಹೇಳಿದೆ. ಸ್ನೇಹಾ ಅದನ್ನು ನೋಡಿದವಳೇ ಅಡಿಗೆಮನೆಗೆ ಹೋಗಿ, ಬೇಡದಿದ್ದರೂ ಪಾತ್ರೆ ತಿಕ್ಕತೊಡಗಿದಳು. ಆ ದಿನದಿಂದ ಅವಳು ನಮ್ಮ ಕೋಣೆಯ ಬಾಗಿಲು ಎಳೆದುಕೊಂಡು ಮಲಗತೊಡಗಿದಳು. ಬೆಳಿಗ್ಗೆ ನನ್ನ ಮೂಗಿನ ಮೇಲೆ ಪಟ್ಟಿಯ ಕೆಂಪು ಗುರುತು ಇದ್ದರೆ ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಗುರುತು ಇಲ್ಲದಿದ್ದರೂ ನೋಡುತ್ತಿರಲಿಲ್ಲ.

ನಾನು ಪ್ರಯತ್ನ ಮಾಡಲಿಲ್ಲ ಅಂತಲ್ಲ. ಅತ್ತೆ ಮಲಗಿದ ಮೇಲೆ ಅವರಿಗೆ ಬೆನ್ನು ತಿರುಗಿಸಿ ಹಾಕಿಕೊಳ್ಳುತ್ತಿದ್ದೆ. ಗಾಳಿ ಅಂಚಿನಿಂದ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಪಟ್ಟಿ ಬಿಗಿ ಮಾಡಿದರೆ ಮೂಗಿನ ಎಲುಬು ನೋಯುತ್ತಿತ್ತು. ಮಳೆಗಾಲದಲ್ಲಿ ಕರೆಂಟು ಹೋದರೆ ಯಂತ್ರ ನಿಂತು ಮುಖದ ಮೇಲೆ ಬರೀ ರಬ್ಬರು ಉಳಿಯುತ್ತಿತ್ತು. ಇವೆಲ್ಲ ಸಹಿಸಬಹುದಿತ್ತು. ಕಣ್ಣು ಮುಚ್ಚಿದರೆ ಆ ಫೋನಿನ ಪರದೆ ಕಾಣುತ್ತಿತ್ತು, ಆದರೆ ಈಗ ನಾನು ಪರದೆಯ ಒಳಗಿನಿಂದ ನೋಡುತ್ತಿದ್ದೆ. ಹೆಗಲ ಮೇಲಿಂದ ಬಗ್ಗಿ ನೋಡುವ ಹೆಂಡತಿ, ಫೋನು ಹಿಡಿದ ಮಗಳು. ಅವರಿಗೆ ಏನೋ ಹೇಳಬೇಕು, ಬಾಯಿ ತೆರೆದರೆ ಗಾಳಿ. ಅಷ್ಟು ಹೊತ್ತಿಗೆ ಮಾಸ್ಕು ನೆಲಕ್ಕೆ ಬಿದ್ದಿರುತ್ತಿತ್ತು.

ಕೆಲವು ದಿನದ ನಂತರ ಮತ್ತೆ ತೋರಿಸಲು ಹೋಗಬೇಕಾಯಿತು. ಕಾಯುವ ಕೋಣೆಯಲ್ಲಿ ಕೂತವರು ಹೆಚ್ಚಿನಂಶ ಗಂಡಸರು, ಜೊತೆಗೆ ಅವರ ಹೆಂಡಂದಿರು. ಹೆಂಡಂದಿರು ತಮ್ಮತಮ್ಮ ಗಂಡನ ಗೊರಕೆಯ ಕಥೆ ಹೇಳಿ ನಗುತ್ತಿದ್ದರು. ಅಕ್ಕಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದ್ದು, ಮೊಮ್ಮಕ್ಕಳು ಹೆದರಿ ಎದ್ದದ್ದು. ನನ್ನ ಗೊರಕೆಯ ಕಥೆ ಹೇಳಿ ನಗುವವರು ಇದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಪಕ್ಕದ ಕುರ್ಚಿಯವರು ಅದನ್ನು ನೋಡಿ ಕನ್ನಡದಲ್ಲೇ ಮಾತಾಡಿಸಿದರು. ಖಾನಾಪುರ ಕಡೆಯವರು, ಲಾರಿ ಡ್ರೈವರ್. ಮೊಲೆಂ ಹತ್ತಿರ ಘಾಟು ಇಳಿಯುವಾಗ ಸ್ಟೀರಿಂಗ್ ಮೇಲೆಯೇ ನಿದ್ದೆ ಹತ್ತಿತ್ತಂತೆ. ಮಣ್ಣಿನ ದಿಬ್ಬ ತಡೆದದ್ದರಿಂದ ಉಳಿದರಂತೆ. ಇಷ್ಟಾಗಿಯೂ ಮಶೀನು ಮಂಚದ ಕೆಳಗೆ ಸೇರಿದೆ ಅಂದರು. ನಾನು ಯಾಕೆ ಅಂತ ಕೇಳಿದೆ.

"ಮೂಗ ಕಟ್ಟತೈತಿ ಅಂತ ಡಾಕ್ಟರಿಗೆ ಹೇಳೇನ್ರಿ," ಅಂದು ದನಿ ತಗ್ಗಿಸಿದರು. "ಖರೇ ಅಂದ್ರ ನಾಚಿಕಿ ಬರತೈತಿ. ಹೊಸದಾಗಿ ಮನಿಗೆ ಸೊಸಿ ಬಂದಾಳ. ಮಾವ ಹಿಂಗ ಮುಖಕ್ಕ ಕಟಗೊಂಡು ಮಲಗೂದನ್ನ ಆಕಿ ನೋಡಬಾರದು ಅಂತ. ನೀವ್ಯಾಕ ಬಿಟ್ರಿ?"

"ನನಗೂ ಮೂಗ ಕಟ್ಟತೈತ್ರಿ," ಅಂದೆ.

ಅವರು ನನ್ನ ಮುಖ ನೋಡಿ ತಲೆಯಾಡಿಸಿದರು, ಮುಂದೆ ಕೇಳಲಿಲ್ಲ. ಆ ಕೋಣೆಯಲ್ಲಿ ಕೂತ ಎಲ್ಲರೂ ಒಳಗೆ ಹೋಗಿ ಮೂಗು ಕಟ್ಟುತ್ತದೆ ಅಂತಲೇ ಹೇಳುತ್ತಿದ್ದರೋ ಏನೋ. ಒಳಗೆ ಆ ಹುಡುಗಿ ಯಂತ್ರದ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿದಳು. ನಾನು ಯಾವ ರಾತ್ರಿ ಎಷ್ಟು ಹೊತ್ತು ಹಾಕಿದ್ದೆ ಅನ್ನುವುದೆಲ್ಲ ಅದರಲ್ಲಿ ಬರುತ್ತದೆ. ಯಾಕೆ ತೆಗೆದೆ ಅನ್ನುವುದು ಬರುವುದಿಲ್ಲ. ಡಾಕ್ಟರು ಬೇಸರದಿಂದ, ಹೀಗೆ ಮಾಡಿದರೆ ಹೃದಯಕ್ಕೆ ಪೆಟ್ಟು ಬೀಳುತ್ತದೆ, ಬಿ.ಪಿ. ಈಗಾಗಲೇ ಏರಿದೆ, ಅಂದರು. ಮೂಗಿಗೆ ಹಾಕುವ ಔಷಧ ಬರೆದುಕೊಟ್ಟರು. ತಗೊಂಡು ಬಂದೆ.

ಆಮೇಲೆ ಸ್ಕೂಟರಿನಿಂದ ಬಿದ್ದೆ. ಅಂಗಡಿಯಿಂದ ಮನೆಗೆ ಊಟಕ್ಕೆ ಬರುತ್ತಿದ್ದೆ, ಮಧ್ಯಾಹ್ನದ ಬಿಸಿಲು. ವಿಮಾನ ನಿಲ್ದಾಣದ ಕಡೆ ತಿರುಗುವ ರಸ್ತೆ ಕಂಡದ್ದು ನೆನಪಿದೆ, ಆಮೇಲೆ ಮುಖದ ಕೆಳಗೆ ಜಲ್ಲಿಕಲ್ಲು ಇದ್ದದ್ದು ನೆನಪಿದೆ. ನಡುವೆ ನಿದ್ದೆ. ಹಿಂದೆ ಯಾವ ಗಾಡಿಯೂ ಇರಲಿಲ್ಲ, ಅದು ದೇವರ ದಯೆ. ಗದ್ದಕ್ಕೆ ಹೊಲಿಗೆ ಬಿತ್ತು.

ಸುದ್ದಿ ಕೇಳಿ ಸ್ನೇಹಾ ಕಾಲೇಜಿನಿಂದ ಓಡಿ ಬಂದಳು. ನನ್ನ ಗದ್ದದ ಪಟ್ಟಿ ನೋಡಿದಳು. ನೀರು ಕೊಟ್ಟಳು, ಗುಳಿಗೆ ಕೊಟ್ಟಳು. ಆಮೇಲೆ ಕೋಣೆಗೆ ಹೋಗಿ, ಅಷ್ಟು ದಿನ ಮುಟ್ಟದಿದ್ದ ಆ ಮಾಸ್ಕನ್ನು ತಂದು ನನ್ನ ತೊಡೆಯ ಮೇಲಿಟ್ಟಳು.

"ಇದನ್ನ ನೋಡಿದ್ರ ನನಗ ಪಪ್ಪಾನ ಮುಖಾ ಕಾಣತೈತಿ. ನಿನಗೂ ಅದ ಕಾಣತೈತಿ ಅಂತ ಗೊತ್ತು," ಅಂದಳು. "ಆದ್ರೂ ಹಾಕ್ಕೋ ಅವ್ವಾ. ಗೋಡಿ ಆ ಕಡೆ ನಿನ್ನ ಉಸುರು ನಿಂತದ್ದು ಕೇಳಸ್ತೈತಿ ನನಗ. ಎದ್ದು ಬಂದು ನೋಡೂ ಧೈರ್ಯ ಇಲ್ಲ. ಹಂಗ ಬಿದ್ದಕೊಂಡು ಮತ್ತ ಉಸುರು ಬರೂತನಕ ಕಾಯತೇನಿ. ನೀನೂ ಹ್ವಾದ್ರ ನಾ ಯಾರ ಮಗಳಾಗಲಿ?"

ಅವಳನ್ನು ತಬ್ಬಿಕೊಂಡೆ. ಇಬ್ಬರೂ ಅತ್ತೆವು. ಮಹಾಂತೇಶ ಅವರು ಹೋದಾಗ ಇಬ್ಬರೂ ಬೇರೆಬೇರೆಯಾಗಿ ಅತ್ತಿದ್ದೆವು, ಒಟ್ಟಿಗೆ ಅತ್ತದ್ದು ಅದೇ ಮೊದಲು. ಸ್ವಲ್ಪ ಹೊತ್ತಾದಮೇಲೆ ತಲೆಯೆತ್ತಿ ನೋಡಿದರೆ ನಡುಮನೆಯ ಬಾಗಿಲ ಹತ್ತಿರ ಅತ್ತೆ ಬತ್ತಿಯ ತಟ್ಟೆ ಹಿಡಿದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

ಮುಂದೆ ಏನಾಯಿತು ಅನ್ನುವುದಕ್ಕಿಂತ ಮೊದಲು ಈಗಿನ ಸುದ್ದಿ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ನನ್ನಿಂದ ಆಗುವುದಿಲ್ಲ.

ನಾನು ಈಗ ಮಾಸ್ಕು ಹಾಕಿಕೊಂಡೇ ಮಲಗುತ್ತೇನೆ. ಎಲ್ಲ ರಾತ್ರಿಯೂ ಪೂರ್ತಿ ಅಲ್ಲ. ಕೆಲವು ದಿನ ಬೆಳಗಿನ ಜಾವಕ್ಕೆ ಅದು ದಿಂಬಿನ ಕೆಳಗಿರುತ್ತದೆ, ತೆಗೆದದ್ದು ನನಗೇ ತಿಳಿದಿರುವುದಿಲ್ಲ. ಡಾಕ್ಟರಿಗೆ ನಿಜ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು, ಆದರೆ ಬೈಯುವ ದನಿ ಇರಲಿಲ್ಲ. ಮೂಗಿನ ಹೊಳ್ಳೆಗಷ್ಟೇ ತಾಗುವ ಸಣ್ಣ ಮಾಸ್ಕು ಇದೆ, ಬಾಯಿ ಮುಚ್ಚಿಡಲು ಗದ್ದಕ್ಕೊಂದು ಪಟ್ಟಿ ಕಟ್ಟಿಕೊಂಡರೆ ಸಾಕು, ಅಂದರು. ಅದನ್ನು ಹಾಕಿಕೊಂಡರೆ ಮುಖ ಮುಖದ ಹಾಗೇ ಕಾಣುತ್ತದೆ. ಹಗಲು ಅಂಗಡಿಯಲ್ಲಿ ಕೂತು ಮಾಸ್ಕು ಹಾಕಿ ಒಂದು ಟೀ ಕುಡಿಯುವಷ್ಟು ಹೊತ್ತು ಹಾಗೇ ಇರಿ, ಮೈಗೆ ಅದು ಶತ್ರು ಅಲ್ಲ ಅಂತ ತಿಳಿಯಲಿ, ಎಂದು ಆ ಹುಡುಗಿ ಹೇಳಿಕೊಟ್ಟಳು. ಮಾಸ್ಕು ಹಾಕಿ ಟೀ ಹೇಗೆ ಕುಡಿಯಲಿ ಎಂದು ಕೇಳಿದೆ. ಇಬ್ಬರೂ ನಕ್ಕೆವು. ತೂಕಡಿಕೆ ಹೋಗಿದೆ. ಬಿ.ಪಿ. ಇಳಿದಿದೆ. ದುಃಖ ಎಲ್ಲೂ ಹೋಗಿಲ್ಲ. ಮೊದಲು ತೂಕಡಿಕೆಯ ಮಂಪರಿನಲ್ಲಿ ಇರುತ್ತಿತ್ತು, ಈಗ ಪೂರ್ತಿ ಎಚ್ಚರದಲ್ಲಿ ಇರುತ್ತದೆ. ಇದನ್ನು ನನಗೆ ಯಾರೂ ಮೊದಲು ಹೇಳಿರಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮಶೀನು ಮಂಚದ ಕೆಳಗಿಟ್ಟವರನ್ನು ನಾನು ಬೈಯಲಾರೆ. ಅವರ ಹತ್ತಿರ ಕೂತು ಯಾರಾದರೂ ಎರಡನೆಯ ಸಲ ಕೇಳಬೇಕು. ಮೊದಲ ಸಲ ಕೇಳಿದಾಗ ಎಲ್ಲರ ಮೂಗೂ ಕಟ್ಟಿರುತ್ತದೆ.

ಕಳೆದ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ನಾನು, ಸ್ನೇಹಾ ಇಬ್ಬರೂ ಹತ್ತಿರ ಇದ್ದೆವು, ಕೈ ಹಿಡಿದಿದ್ದೆವು. ಅವರು ಇಲ್ಲದ್ದರಿಂದ ಈಗ ಇದನ್ನು ಹೇಳಬಹುದು.

ನಾನು ಸ್ಕೂಟರಿನಿಂದ ಬಿದ್ದ ವಾರವೇ, ಅಂಗಡಿಗೆ ರಜೆ ಇದ್ದ ಒಂದು ಮಧ್ಯಾಹ್ನ, ಊಟವಾದ ಮೇಲೆ ಅತ್ತೆ ನನ್ನನ್ನು ಕೋಣೆಗೆ ಕರೆದರು. ಸ್ನೇಹಾ ಗೆಳತಿಯ ಮನೆಗೆ ಹೋಗಿದ್ದಳು. ಅತ್ತೆ ಮಂಚದ ಮೇಲೆ ಕೂತು ಮಾಸ್ಕನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಅದರ ಒಳಗೆ ಬೆರಳಾಡಿಸಿದರು, ಮೂಸಿ ನೋಡಿದರು, ತಮ್ಮ ಮೂಗಿಗೂ ಒಮ್ಮೆ ಹಿಡಿದುಕೊಂಡರು.

"ಮಾಂತೂಗ ಇಂಥಾದ ಹಾಕಿದ್ರೇನು?"

ಮಹಾಂತೇಶ ಅವರನ್ನು ಅವರು ಮಾಂತು ಅನ್ನುತ್ತಿದ್ದರು. ಮಗ ಹೋದಮೇಲೆ ಅವರ ಬಾಯಿಂದ ಆ ಹೆಸರು ಕೇಳಿರಲಿಲ್ಲ. ಹೌದು, ಹೆಚ್ಚುಕಡಿಮೆ ಇಂಥದೇ, ಅಂದೆ. ಮಶೀನು ಹಚ್ಚಲು ಹೇಳಿದರು. ಹಚ್ಚಿದೆ. ನಳಿಗೆಯ ಮುಂದೆ ಅಂಗೈ ಹಿಡಿದು ಗಾಳಿ ನೋಡಿದರು. ಅವನಿಗೂ ಇಷ್ಟು ಗಾಳಿ ಬರುತ್ತಿತ್ತೇ ಎಂದು ಕೇಳಿದರು. ಇದಕ್ಕಿಂತ ಜಾಸ್ತಿ ಬರುತ್ತಿತ್ತು ಅಂದೆ. ಅದು ಅವರಿಗೆ ಸಮಾಧಾನ ಕೊಟ್ಟ ಹಾಗೆ ಕಂಡಿತು.

"ನೀವಿಬ್ಬರೂ ಫೋನಿನ್ಯಾಗರ ನೋಡೀರಿ. ನಾ ಹಡದಾಕಿ, ನನಗ ಏನೂ ಕಾಣಲಿಲ್ಲ," ಅಂದರು. "ಹೆಂಗಿದ್ದ ಅಂತ ಎಷ್ಟ ನೆನಿಸಿದ್ರೂ ಕಣ್ಣಿಗೆ ಬರೂದಿಲ್ಲ. ನೀ ಇದನ್ನ ಹಾಕ್ಕೊಂಡು ಮಲಕ್ಕೋ ಶೈಲಾ. ನಾ ತಲಿ ಹತ್ರ ಕುಂಡ್ರತೇನಿ."

ನಾನು ಇಲ್ಲ ಅನ್ನಲಾರದೆ ಹೋದೆ. ಮಲಗಿದೆ, ಮಾಸ್ಕು ಇಟ್ಟುಕೊಂಡೆ. ಗದ್ದದ ಹೊಲಿಗೆಗೆ ನೋವಾಗದಂತೆ ಅವರೇ ಪಟ್ಟಿಯನ್ನು ನಿಧಾನ ಸರಿಸಿದರು. ಪಟ್ಟಿಯ ಅಡಿ ಸಿಕ್ಕ ಕೂದಲು ಬಿಡಿಸಿದರು. ಗಾಳಿ ಬಂತು. ನನ್ನ ಕೈ ಮೇಲಕ್ಕೆ ಹೋಗತೊಡಗಿದವು, ಅವರು ಒಂದು ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಇನ್ನೊಂದು ಕೈಯಿಂದ ಹಣೆ ಸವರತೊಡಗಿದರು, ಜ್ವರ ಬಂದ ಮಗುವಿಗೆ ಸವರುವ ಹಾಗೆ. ಸ್ವಲ್ಪ ಹೊತ್ತಾದಮೇಲೆ ಮಾಂತೂ, ಮಾಂತೂ ಎಂದು ಬಾಯಿಯೊಳಗೇ ಅನ್ನುವುದು ಗಾಳಿಯ ಸದ್ದಿನ ಆಚೆಯಿಂದ ಕೇಳಿಸಿತು. ಆಮೇಲೆ ಅತ್ತರು. ಅಷ್ಟು ದಿನ ಅಳದಿದ್ದ ಅಳು, ಮೈಯೆಲ್ಲ ಅಲುಗಿಸಿಕೊಂಡು ಅತ್ತರು. ಸವರುವ ಕೈ ಮಾತ್ರ ನಿಲ್ಲಲಿಲ್ಲ. ನಾನು ಕಣ್ಣು ಮುಚ್ಚಿ, ಅಲ್ಲಾಡದೆ, ಅವರಿಗೆ ಬೇಕಾದವರಾಗಿ ಮಲಗಿಕೊಂಡೆ. ಹಾಗೇ ಯಾವಾಗಲೋ ನಿದ್ದೆ ಹೋದೆ.

ಎಚ್ಚರವಾದಾಗ ದೀಪ ಹಚ್ಚುವ ಹೊತ್ತು. ತಲೆ ಹಗುರ, ಬಾಯಿ ಒಣಗಿರಲಿಲ್ಲ. ಅಂಥ ನಿದ್ದೆ ಮದುವೆಯಾದಾಗಿನಿಂದ ಮಾಡಿರಲಿಲ್ಲವೇನೋ. ಅತ್ತೆ ಕೂತಲ್ಲೇ ಕೂತಿದ್ದರು, ಕೈ ನನ್ನ ಹಣೆಯ ಮೇಲೇ ಇತ್ತು. ಸ್ನೇಹಾ ಯಾವಾಗಲೋ ಬಂದು, ಒಳಗೆ ಕಾಲಿಡದೆ ಬಾಗಿಲಲ್ಲಿ ನಿಂತಿದ್ದಳು.

"ಎಷ್ಟ ಶಾಂತ ಮಲಗಿದ್ದಿ," ಅಂದರು ಅತ್ತೆ. "ಉಸುರು ಒಂದ ಸಲಾನೂ ನಿಲ್ಲಲಿಲ್ಲ. ಅಂವಾನೂ ಹಿಂಗ ನಿದ್ದಿ ಹತ್ತಿ ಹ್ವಾದ್ನೇನು?"

ಹೊರಳುತ್ತಿದ್ದ ಆ ತಲೆ, ಸರಳಿಗೆ ಕಟ್ಟಿದ ಆ ಕೈಗಳು ನನ್ನ ಕಣ್ಣ ಮುಂದೆ ಇದ್ದವು. ಹೌದ್ರಿ ಅತ್ತಿ, ಅಂದೆ. ಮಾಸ್ಕಿನೊಳಗಿನ ಮಾತು ಅವರಿಗೆ ತಿಳಿಯಲಿಲ್ಲ, ಕಿವಿ ಹತ್ತಿರ ತಂದರು. ಮಾಸ್ಕು ತೆಗೆದು ಮತ್ತೊಮ್ಮೆ ಹೇಳಿದೆ.

"ಹೌದ್ರಿ ಅತ್ತಿ. ಹಿಂಗ, ನಿದ್ದಿಯೊಳಗ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಂಬಬೇಕೆಂಬ ಆಸೆ ಇತ್ತು, ನಂಬಲು ಇನ್ನೊಂದು ಆಸರೆ ಬೇಕಾಗಿತ್ತು. ಆಗ ಸ್ನೇಹಾ ಹೊಸ್ತಿಲು ದಾಟಿ ಒಳಗೆ ಬಂದಳು. ಆಯಿಯ ಕಾಲ ಹತ್ತಿರ ನೆಲದ ಮೇಲೆ ಕೂತು, ಜೋಮು ಹಿಡಿದ ಅವರ ಪಾದವನ್ನು ಎರಡೂ ಕೈಯಿಂದ ತಿಕ್ಕತೊಡಗಿದಳು.

"ಹೌದು ಆಯಿ," ಅಂದಳು. "ಫೋನು ನನ್ನ ಕೈಯಾಗ ಇತ್ತು, ನಾ ನೋಡೇನಿ. ಪಪ್ಪಾ ನಿದ್ದಿ ಮಾಡಾಕತ್ತಿದ್ರು."